‘ಸೆಟ್’ ಹಿಡಿದು ನಿಘಂಟು ಪರೀಕ್ಷೆ: ಎಟಿಮ್‌ಆನ್‌ಲೈನ್ ಹೇಗಿದೆ?

ನಿಘಂಟು ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಂತು ಒಂದು ಪದ ತೆಗೆದು ನೋಡಬೇಕು. ಮುನ್ನುಡಿ ಓದಿ ಮರುಳಾಗಬಾರದು. ರಟ್ಟಿನ ಮೇಲೆ ಎಷ್ಟು ಸಾವಿರ ಪದ ಅಂತ ಬರೆದಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬಾರದು. ಉದ್ದುದ್ದ ಪದಗಳನ್ನು ಎಲ್ಲ ನಿಘಂಟುಗಳೂ ಚೆನ್ನಾಗಿಯೇ ಕೊಡುತ್ತವೆ. ‘ಫೋಟೋಸಿಂಥೆಸಿಸ್’ಗೆ ಅರ್ಥ ಬರೆಯುವುದು ಏನು ಮಹಾ? ಅದಕ್ಕಿರುವುದೇ ಒಂದು ಅರ್ಥ. ನಿಘಂಟಿನ ಬಣ್ಣ ಬಯಲಾಗುವುದು ಚಿಲ್ಲರೆ ಪದಗಳಲ್ಲಿ. ನಾನು ತೆಗೆದು ನೋಡುವ ಪದ ‘ಸೆಟ್’.

ನನ್ನ ಕೆಲಸವೂ ಇದಕ್ಕೆ ಕಾರಣ. ಮಿಕ್ಸಿ, ಓವನ್, ವಾಷಿಂಗ್ ಮಷೀನ್ ಡಬ್ಬದಲ್ಲಿ ಒಂದು ಪುಸ್ತಕ ಇರುತ್ತದಲ್ಲ, ಯಾರೂ ಓದದೆ ಅಟ್ಟಕ್ಕೆ ಹಾಕುವ ಪುಸ್ತಕ, ಅದರ ಕನ್ನಡ ಭಾಗ ಬರೆಯುವವಳು ನಾನು. ಶಿವಮೊಗ್ಗದಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸ. ಈ ಪುಸ್ತಕಗಳ ಇಂಗ್ಲಿಷಿನಲ್ಲಿ ‘ಸೆಟ್’ ಕಾಲಿಗೆ, ಕೈಗೆ ಎಲ್ಲ ಕಡೆ ಸಿಗುತ್ತದೆ. ‘ಸೆಟ್ ದ ಟೈಮರ್’ ಅಂದರೆ ಟೈಮರ್ ಹೊಂದಿಸಿ. ‘ಸೆಟ್ ಅಸೈಡ್’ ಅಂದರೆ ಪಕ್ಕಕ್ಕೆ ಎತ್ತಿಡಿ. ‘ಸೆಟ್ ಆಫ್ ತ್ರೀ ಜಾರ್ಸ್’ ಅಂದರೆ ಮೂರು ಜಾರ್‌ಗಳ ಸೆಟ್ಟು. ಓವನ್ ಜೊತೆ ಕೊಡುವ ಅಡುಗೆ ಪುಟಗಳಲ್ಲಿ ‘ಅನ್‌ಟಿಲ್ ಸೆಟ್’ ಅಂತ ಬಂದರೆ ಗಟ್ಟಿಯಾಗುವವರೆಗೆ. ಎಲ್ಲವೂ ಒಂದೇ ಪುಟದಲ್ಲಿ ಬಂದರೆ ತಲೆ ಕೆಡುತ್ತದೆ. ಇಷ್ಟೊಂದು ಅರ್ಥ ಒಂದೇ ಪದಕ್ಕೆ ಹೇಗೆ ಬಂತು, ಎಲ್ಲಿಂದ ಬಂತು ಅಂತ ಕೆದಕುವ ಚಟ ನನಗೆ ಹತ್ತಿದ್ದು ಹೀಗೆ. ಆ ಚಟಕ್ಕೆ ಜಾಸ್ತಿ ಬಳಸುವುದು ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’. ಜಾಲತಾಣದ ಹೆಸರು ಎಟಿಮ್‌ಆನ್‌ಲೈನ್ ಡಾಟ್ ಕಾಮ್. ಇಂಗ್ಲಿಷ್ ಪದಗಳ ಹುಟ್ಟು ಹೇಳುವುದಷ್ಟೇ ಅದರ ಕೆಲಸ. ದುಡ್ಡು ಕೇಳುವುದಿಲ್ಲ. ಮೊಬೈಲ್ ಆ್ಯಪ್ ಕೂಡ ಇದೆ.

ಇದನ್ನು ಕಟ್ಟಿದವರು ಡಗ್ಲಸ್ ಹಾರ್ಪರ್. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನವರು. ಪತ್ರಿಕೆಯಲ್ಲಿ ಕಾಪಿ ಎಡಿಟರ್ ಆಗಿದ್ದವರು, ಅಮೆರಿಕದ ಅಂತರ್ಯುದ್ಧದ ಇತಿಹಾಸದ ಬಗ್ಗೆಯೂ ಬರೆದವರು. 2000ದ ದಶಕದ ಆರಂಭದಿಂದ ಪದಗಳನ್ನು ಸೇರಿಸುತ್ತಾ ಬಂದು ಈಗ ಅದು 50,000 ದಾಟಿದೆ. ವಿಶ್ವವಿದ್ಯಾಲಯವಲ್ಲ, ಸರ್ಕಾರದ ಅನುದಾನವಲ್ಲ, ಒಬ್ಬ ಮನುಷ್ಯನ ಹಟ. ನಮ್ಮಲ್ಲೂ ಕಿಟೆಲ್ ಅಂಥವರು ಇದ್ದರು ಬಿಡಿ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಹಾರ್ಪರ್ ಪ್ರತಿಯೊಂದು ಪದವನ್ನೂ ತಾವೇ ಹೊಸದಾಗಿ ಸಂಶೋಧನೆ ಮಾಡಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, ಬಾರ್ನ್‌ಹಾರ್ಟ್, ಕ್ಲೈನ್ ಮುಂತಾದ ದಪ್ಪ ಗ್ರಂಥಗಳಲ್ಲಿ ಇರುವುದನ್ನು ಜಾಲಾಡಿ, ಸೋಸಿ, ಸಣ್ಣ ಸಣ್ಣ ಪ್ಯಾರಾಗಳಲ್ಲಿ ಬರೆದಿದ್ದಾರೆ. ಯಾವ ಯಾವ ಗ್ರಂಥ ಅನ್ನುವುದನ್ನು ಮುಚ್ಚಿಟ್ಟಿಲ್ಲ. ನನಗೆ ಇದು ಸಾಕು. ಆ ಗ್ರಂಥಗಳನ್ನೆಲ್ಲ ಇಡಲು ನಮ್ಮ ಮನೆಯಲ್ಲಿ ಜಾಗವೂ ಇಲ್ಲ.

ಈಗ ಪರೀಕ್ಷೆಗೆ ಬರೋಣ. ಹುಡುಕುವ ಪೆಟ್ಟಿಗೆಯಲ್ಲಿ ‘ಸೆಟ್’ ಒತ್ತಿದರೆ ಮೊದಲು ಗೊತ್ತಾಗುವುದು, ಅದು ಒಂದು ಪದ ಅಲ್ಲ ಅನ್ನುವುದು. ಕ್ರಿಯಾಪದಕ್ಕೆ ಒಂದು ನಮೂದು. ನಾಮಪದಕ್ಕೆ ಎರಡು, ಒಂದು ಮತ್ತು ಎರಡು ಅಂತ ನಂಬರ್ ಹಾಕಿ ಬೇರೆ ಬೇರೆ. ಗುಣವಾಚಕಕ್ಕೆ ಇನ್ನೊಂದು. ಮಾಮೂಲಿ ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಇವೆಲ್ಲ ಒಂದೇ ಸಾಲಾಗಿ ಕಮಾ ಹಾಕಿಕೊಂಡು ಬಂದುಬಿಡುತ್ತವೆ: ಇಡು, ಹೊಂದಿಸು, ಗಟ್ಟಿಯಾಗು, ಮುಳುಗು, ಗುಂಪು, ಜೊತೆ. ಓದಿದವರಿಗೆ ಇವುಗಳ ನಡುವೆ ಏನು ನಂಟು ಅಂತ ಅರ್ಥವಾಗಬೇಕಾದರೂ ಹೇಗೆ?

ಕ್ರಿಯಾಪದದ ಕಥೆ ಹೀಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಸೆಟ್ಟನ್’. ಅದರ ಮೂಲ ಅರ್ಥ ‘ಕೂರಿಸು’. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಅಷ್ಟೇ. ಜರ್ಮನ್ನಿನ ‘ಜೆಟ್ಸನ್’, ಡಚ್ಚರ ‘ಜೆಟ್ಟನ್’ ಇದರ ಒಡಹುಟ್ಟುಗಳು. ನಾವು ಕೂರು, ಕೂರಿಸು, ಮಾಡು, ಮಾಡಿಸು ಅಂತ ಸಲೀಸಾಗಿ ‘ಇಸು’ ಸೇರಿಸುವ ಕೆಲಸವನ್ನು ಆ ಭಾಷೆಗಳು ಒಂದು ಕಾಲದಲ್ಲಿ ಒಳಗಿನ ಸ್ವರ ಬದಲಿಸಿ ಮಾಡುತ್ತಿದ್ದವು. ಇವತ್ತಿನ ಇಂಗ್ಲಿಷಿನಲ್ಲಿ ಅದರ ಪಳೆಯುಳಿಕೆ ಮಾತ್ರ ಉಳಿದಿದೆ. ಬೀಳುವುದಕ್ಕೆ ‘ಫಾಲ್’, ಮರ ಬೀಳಿಸುವುದಕ್ಕೆ ‘ಫೆಲ್’. ಏಳುವುದಕ್ಕೆ ‘ರೈಸ್’, ಎಬ್ಬಿಸುವುದಕ್ಕೆ ‘ರೇಸ್’. ಶಾಲೆಯಲ್ಲಿ ಇವನ್ನು ಸುಮ್ನೆ ಬಾಯಿಪಾಠ ಮಾಡಿಸಿದರು. ಒಂದು ಸಾಲು ಹೀಗೆ ಹೇಳಿದ್ದರೆ ಎಷ್ಟು ಸುಲಭವಾಗುತ್ತಿತ್ತು!

‘ಕೂರಿಸು’ ಅನ್ನುವ ಒಂದು ಎಳೆ ಹಿಡಿದ ಮೇಲೆ ‘ಸೆಟ್’ನ ಅರ್ಧ ಸಂಸಾರ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೂರಿಸಿದ್ದು ಅಲ್ಲಾಡದೆ ನಿಲ್ಲುತ್ತದೆ, ಹಾಗಾಗಿ ಗಟ್ಟಿಯಾಗುವುದು. ಕೂತದ್ದು ಕೆಳಗೆ ಹೋಗುತ್ತದೆ, ಹಾಗಾಗಿ ಸೂರ್ಯ ಮುಳುಗುವುದು. ಈ ಸೂರ್ಯನ ಅರ್ಥ 13ನೇ ಶತಮಾನದಷ್ಟು ಹಳೆಯದು. ಕೂರಿಸುವುದು ಅಂದರೆ ನೇಮಿಸುವುದೂ ಹೌದು, ಗೊತ್ತುಮಾಡುವುದೂ ಹೌದು. ಪರೀಕ್ಷೆಯ ಪ್ರಶ್ನೆಪತ್ರಿಕೆ ‘ಸೆಟ್’ ಮಾಡುತ್ತಾರೆ, ಬೆಲೆ ‘ಸೆಟ್’ ಮಾಡುತ್ತಾರೆ. ಬೇಟೆಯ ವಾಸನೆ ಸಿಕ್ಕಿದಾಗ ತಗ್ಗಿ ನಿಂತುಬಿಡುವ ನಾಯಿಗೆ ‘ಸೆಟ್ಟರ್’ ಅನ್ನುವ ಹೆಸರು ಬಂದದ್ದೂ ಇದೇ ದಾರಿಯಲ್ಲಿ.

ಕನ್ನಡದಲ್ಲಿ ‘ಕೂರಿಸು’ ಮಾಡುವ ಕೆಲಸ ನೋಡಿದರೆ ಇದೇನೂ ಆಶ್ಚರ್ಯ ಅಲ್ಲ. ಗಣಪತಿ ಕೂರಿಸುತ್ತೇವೆ. ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಬೋರ್‌ವೆಲ್‌ಗೆ ಮೋಟಾರ್ ಕೂರಿಸುತ್ತೇವೆ. ಗಾಂಧಿ ಬಜಾರಿನಲ್ಲಿ ಅಮ್ಮನ ಹಳೆಯ ಉಂಗುರ ಕೊಟ್ಟಾಗ ಅಕ್ಕಸಾಲಿಗರು ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು ನೋಡಿ, ‘ಹರಳು ಅಲ್ಲಾಡ್ತಿದೆ ಅಕ್ಕಾ, ಕಾಲು ಸವೆದಿದೆ. ತೆಗೆದು ಹೊಸದಾಗಿ ಕೂರಿಸ್ಬೇಕು, ನಾಳಿದ್ದು ಬನ್ನಿ’ ಅಂದರು. ಹರಳನ್ನು ಹಿಡಿದಿಡುವ ಆ ಪುಟ್ಟ ಚಿನ್ನದ ಮೊಳಕೆಗಳಿಗೆ ಅವರು ಕಾಲು ಅನ್ನುತ್ತಾರೆ. ಇಂಗ್ಲಿಷಿನ ಅಕ್ಕಸಾಲಿಗ ಇದೇ ಕೆಲಸಕ್ಕೆ ಹೇಳುವುದು ‘ಸೆಟ್’ ಅಂತಲೇ. ಇದು ಒಬ್ಬರಿಂದ ಒಬ್ಬರು ಕಲಿತದ್ದಲ್ಲ. ಹರಳು ನೋಡಿದ ಇಬ್ಬರಿಗೂ ಅದು ಕೂರುವಂತೆಯೇ ಕಂಡಿದೆ.

ಇಷ್ಟಕ್ಕೇ ಎಟಿಮ್‌ಆನ್‌ಲೈನ್ ನಿಂತಿದ್ದರೆ ನಾನು ಈ ವಿಮರ್ಶೆ ಬರೆಯುತ್ತಿರಲಿಲ್ಲ. ಖುಷಿ ಕೊಟ್ಟದ್ದು ಮೊದಲ ನಂಬರಿನ ನಾಮಪದ. ಜೊತೆಜೊತೆಯಾಗಿ ಹೋಗುವ ವಸ್ತುಗಳ ಗುಂಪಿಗೆ ‘ಸೆಟ್’ ಅನ್ನುತ್ತೇವಲ್ಲ, ಟೀ ಸೆಟ್, ಮುತ್ತಿನ ಸೆಟ್, ಸ್ಪ್ಯಾನರ್ ಸೆಟ್, ಅದರ ಹುಟ್ಟೂರೇ ಬೇರೆ. ಅದಕ್ಕೂ ಕೂರಿಸುವುದಕ್ಕೂ ಸಂಬಂಧವೇ ಇಲ್ಲ. ಅದು 15ನೇ ಶತಮಾನದ ಹೊತ್ತಿಗೆ ಹಳೆಯ ಫ್ರೆಂಚಿನ ‘ಸೆಟ್ಟೆ’ ಮೂಲಕ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’. ಸೆಕ್ಟಾ ಅಂದರೆ ಹಿಂಬಾಲಿಸುವವರು, ಒಂದು ದಾರಿ ಹಿಡಿದವರ ಗುಂಪು. ಇಂಗ್ಲಿಷಿನ ‘ಸೆಕ್ಟ್’, ಅಂದರೆ ಪಂಥ, ಅದೇ ಪದದ ಇನ್ನೊಂದು ರೂಪ. ಅದರ ಬೇರು ‘ಸೆಕ್ವಿ’, ಹಿಂಬಾಲಿಸು ಅಂತ. ಹಾಗಾದರೆ ಒಂದು ಸೆಟ್ಟಿನಲ್ಲಿರುವ ಲೋಟಗಳು ಒಂದರ ಹಿಂದೆ ಒಂದು ಬರುವ ಅನುಯಾಯಿಗಳು!

ಆಮೇಲೆ ಈ ಎರಡು ಪದಗಳ ಉಚ್ಚಾರ ಒಂದೇ ಆಗಿ, ಬರೆಯುವುದೂ ಒಂದೇ ಆಗಿ, ಅರ್ಥಗಳೂ ಒಂದರೊಳಗೊಂದು ನುಗ್ಗಿದವು. ನಮ್ಮ ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿದ ಹಾಗೆ. ಸಂಗಮದಿಂದ ಸ್ವಲ್ಪ ಕೆಳಗೆ ಹೋಗಿ ನೀರು ಮೊಗೆದರೆ ಇದು ಯಾವ ನದಿಯದು ಅಂತ ಯಾರು ಹೇಳುತ್ತಾರೆ? ನಾಟಕದ, ಸಿನಿಮಾದ ‘ಸೆಟ್’ ಕಟ್ಟಿ ನಿಲ್ಲಿಸಿದ್ದು, ಅಂದರೆ ಕೂರಿಸುವ ಕಡೆಯದು. ಟಿವಿ ಸೆಟ್ ಬಿಡಿಭಾಗಗಳೆಲ್ಲ ಕೂಡಿ ಆದ ಒಂದು ಪೂರ್ತಿ ಉಪಕರಣ, ಅದು ಗುಂಪಿನ ಕಡೆಯದು. ಆ ಟಿವಿಯ ತಲೆಯ ಮೇಲೆ ಇಟ್ಟದ್ದಕ್ಕೆ ಸೆಟ್ ಟಾಪ್ ಬಾಕ್ಸ್ ಅಂತ ಹೆಸರು. ಈಗಿನ ಚಪ್ಪಟೆ ಟಿವಿಯ ಮೇಲೆ ಅದನ್ನು ಇಟ್ಟರೆ ಬೀಳುತ್ತದೆ, ಹೆಸರು ಮಾತ್ರ ಹಾಗೇ ಇದೆ.

ಈ ಜಾಲತಾಣದ ನಿಜವಾದ ಬೆಲೆ ಇರುವುದು ಇನ್ನೂ ಒಂದು ಹೆಜ್ಜೆ ಒಳಗೆ. ಬಹಳಷ್ಟು ನಮೂದುಗಳಲ್ಲಿ ಬೇರಿನ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಅದೇ ಬೇರಿನಿಂದ ಬಂದ ಎಲ್ಲ ಇಂಗ್ಲಿಷ್ ಪದಗಳ ಪಟ್ಟಿ ಬರುತ್ತದೆ. ಅದರ ಕೆಳಗೆ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಲಿಥುವೇನಿಯನ್ ಅಂತ ಬೇರೆ ಬೇರೆ ಭಾಷೆಗಳ ಸಾಕ್ಷಿ. ರಾತ್ರಿ ಊಟ ಆದ ಮೇಲೆ ಇಲ್ಲಿಗೆ ಹೋಗಬೇಡಿ. ನಿದ್ದೆ ಕೆಡುತ್ತದೆ.

ಕ್ರಿಯಾಪದ ‘ಸೆಟ್’ನ ಬೇರು ‘ಸೆಡ್’, ಕೂರು ಅಂತ. ಅದರ ಪಟ್ಟಿಯಲ್ಲಿ ಸೀಟು, ಸ್ಯಾಡಲ್, ಸೆಟಲ್ ಇರುವುದು ಊಹಿಸಬಹುದಾದದ್ದೇ. ‘ಚೇರ್’ ಕೂಡ ಇದೆ, ಗ್ರೀಕ್‌ನಿಂದ ಲ್ಯಾಟಿನ್, ಫ್ರೆಂಚ್ ಸುತ್ತಿಕೊಂಡು ಬಂದದ್ದು. ಆದರೆ ‘ಸೂಟ್’, ಅಂದರೆ ಒಲೆಯ ಮಸಿ? ಅದೂ ಇಲ್ಲೇ. ಮೇಲೆ ಬಂದು ಕೂರುವುದು ಅನ್ನುವ ಅರ್ಥ. ನಮ್ಮ ಹಳೆಯ ಅಡುಗೆಮನೆಯ ಜಂತಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ‘ನೆಸ್ಟ್’ ಇದೆ, ಹಕ್ಕಿಯ ಗೂಡು. ‘ನಿ’ ಅಂದರೆ ಕೆಳಗೆ, ಅದಕ್ಕೆ ಕೂರುವ ಬೇರು ಸೇರಿ ಆದದ್ದು. ಅದರ ಸಂಸ್ಕೃತದ ಜೋಡಿ ‘ನೀಡ’, ಗೂಡು ಅನ್ನುವ ಅರ್ಥದಲ್ಲಿ ಕನ್ನಡ ಕಾವ್ಯಗಳಲ್ಲೂ ಸಿಗುವ ಪದ. ‘ಉಪನಿಷತ್’ ಕೂಡ ಆ ಪಟ್ಟಿಯಲ್ಲಿದೆ. ಹತ್ತಿರ ಕೆಳಗೆ ಕೂರುವುದು ಅಂತ ನಮಗೆ ಗೊತ್ತೇ ಇದೆ. ಗೊತ್ತಿರುವುದನ್ನು ‘ಸೆಟ್’ ಹುಡುಕುವಾಗ ಅಲ್ಲಿ ನೋಡಿದರೆ ಒಂದು ಕ್ಷಣ ಕಣ್ಣು ನಿಲ್ಲುತ್ತದೆ.

ಪಟ್ಟಿ ಅಲ್ಲಿಗೆ ಮುಗಿಯುತ್ತದೆ, ನಮಗೆ ಮುಗಿಯುವುದಿಲ್ಲ. ಸಂಸ್ಕೃತದ ‘ಸದ್’ ಧಾತುವಿನಿಂದ ಕನ್ನಡಕ್ಕೆ ಬಂದದ್ದನ್ನು ನಾವೇ ಸೇರಿಸಿಕೊಳ್ಳಬಹುದು. ಸದನ, ಸದಸ್ಯ. ಒಟ್ಟಿಗೆ ಕೂರುವುದು ಸಂಸತ್ತು. ಸುತ್ತಲೂ ಕೂರುವುದು ಪರಿಷತ್ತು. ತಿಳಿಯಾಗಿ ಕೂರುವುದರಿಂದ ಪ್ರಸನ್ನ, ಪ್ರಸಾದ. ಕುಸಿದು ಕೂರುವುದರಿಂದ ವಿಷಾದ. ಅತ್ತ ಇಂಗ್ಲಿಷಿನಲ್ಲಿ ‘ಸೆಷನ್’ ಮತ್ತು ‘ಪ್ರೆಸಿಡೆಂಟ್’ ಇದೇ ಬೇರಿನವು. ಒಂದೇ ಒಂದು ಎಚ್ಚರ: ‘ಆಸನ’ ಇದರಲ್ಲಿ ಬರುವುದಿಲ್ಲ. ಅರ್ಥ ಹತ್ತಿರವಿದ್ದರೂ ಅದರ ಧಾತು ‘ಆಸ್’, ಬೇರೆ.

ಇನ್ನು ಗುಂಪಿನ ‘ಸೆಟ್’ನ ಬೇರು ‘ಸೆಕ್ವ್’, ಹಿಂಬಾಲಿಸು. ಅಲ್ಲಿ ಸೀಕ್ವೆನ್ಸ್, ಸೆಕೆಂಡ್, ಸೊಸೈಟಿ, ಸೂಟು ಬೂಟಿನ ಸೂಟು, ಕೋರ್ಟಿನ ಪ್ರಾಸಿಕ್ಯೂಟರ್ ಎಲ್ಲ ಇದ್ದಾರೆ. ಸಂಸ್ಕೃತದ ಸಾಕ್ಷಿಯಾಗಿ ‘ಸಚತೇ’ ಕೊಟ್ಟಿದ್ದಾರೆ, ಜೊತೆಗೆ ಹೋಗುತ್ತಾನೆ ಅಂತ. ಆ ‘ಸಚ್’ನಿಂದ ನಮ್ಮಲ್ಲಿ ದಿನಾ ಪತ್ರಿಕೆಯಲ್ಲಿ ಬರುವ ಪದ ಯಾವುದು ಹೇಳಿ? ಸಚಿವ. ರಾಜನ ಜೊತೆಗೆ ಇರುವವನು. ಅಲ್ಲಿಗೆ ಬೆಂಗಳೂರಿನ ವಿಧಾನಸೌಧದಲ್ಲಿ ಎರಡು ‘ಸೆಟ್’ಗಳ ನೆಂಟರೂ ಸಿಕ್ಕ ಹಾಗಾಯಿತು. ಸದನ ಒಂದರ ಕಡೆಯವರು, ಸಚಿವರು ಇನ್ನೊಂದರ ಕಡೆಯವರು. ಈ ಸಚಿವರ ಮಾತು ಎಟಿಮ್‌ಆನ್‌ಲೈನ್‌ನಲ್ಲಿ ಇಲ್ಲ, ಅದಕ್ಕೆ ಸಂಸ್ಕೃತ ನಿಘಂಟು ಬಿಡಿಸಬೇಕು. ಆದರೆ ಬಾಗಿಲವರೆಗೆ ಕರೆದುಕೊಂಡು ಹೋದದ್ದು ಅದೇ.

ಇಂಥ ಪಟ್ಟಿ ನೋಡಿದ ತಕ್ಷಣ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಹುಟ್ಟುತ್ತದೆ: ಇಂಗ್ಲಿಷ್ ಪೂರ್ತಿ ಸಂಸ್ಕೃತದಿಂದ ಬಂದದ್ದು, ಓದಿ, ಹತ್ತು ಜನರಿಗೆ ಕಳಿಸಿ. ದಯವಿಟ್ಟು ಬೇಡ. ಜಾಲತಾಣ ಹಾಗೆ ಹೇಳುವುದೇ ಇಲ್ಲ. ‘ಸೆಡ್’ ಸಂಸ್ಕೃತ ಪದ ಅಲ್ಲ. ಸಂಸ್ಕೃತ, ಲ್ಯಾಟಿನ್, ಜರ್ಮನ್ ಎಲ್ಲಕ್ಕೂ ಹಿಂದೆ ಇದ್ದಿರಬೇಕಾದ ಒಂದು ಭಾಷೆಯದು ಅಂತ ವಿದ್ವಾಂಸರು ಹೋಲಿಕೆ ಮಾಡಿ ಕಟ್ಟಿದ ರೂಪ. ಹಾಗೆ ಕಟ್ಟಿದ ರೂಪಗಳ ಮುಂದೆ ಒಂದು ನಕ್ಷತ್ರದ ಗುರುತು ಇರುತ್ತದೆ. ಅಂದರೆ ಯಾವ ಶಾಸನದಲ್ಲೂ, ಯಾವ ಓಲೆಯಲ್ಲೂ ಇದು ಸಿಕ್ಕಿಲ್ಲ ಅಂತ. ನಕ್ಷತ್ರ ನೋಡದೆ ಓದಿದರೆ ಕಲ್ಪಿಸಿದ್ದನ್ನೂ ಕಂಡದ್ದನ್ನೂ ಒಂದೇ ಮಾಡಿಕೊಳ್ಳುತ್ತೀರಿ. ಮತ್ತೆ ನಮ್ಮ ‘ಕೂರು’ ಈ ಬಳಗಕ್ಕೆ ಸೇರಿದ್ದೇ ಅಲ್ಲ. ಅದು ದ್ರಾವಿಡದ ಸ್ವಂತ ಆಸ್ತಿ. ಅಂಥ ಪದಗಳ ಬೇರು ಬೇಕಿದ್ದರೆ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತ ಕೋಶ ನೋಡಬೇಕು. 1961ರಲ್ಲಿ ಮೊದಲು ಬಂದದ್ದು, 1984ರಲ್ಲಿ ಪರಿಷ್ಕರಿಸಿದ್ದು. ಶಿಕಾಗೋ ವಿಶ್ವವಿದ್ಯಾಲಯದವರು ಅದನ್ನು ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಓದಲು ಎಟಿಮ್‌ಆನ್‌ಲೈನ್‌ನಷ್ಟು ಸಲೀಸಲ್ಲ. ಬರೀ ಪದ, ಬರೀ ಅರ್ಥ, ಕಥೆ ಇಲ್ಲ.

ಕೊರತೆಗಳಿಗೆ ಬರುತ್ತೇನೆ. ಎಟಿಮ್‌ಆನ್‌ಲೈನ್ ಅರ್ಥಕೋಶ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳದೆ ಬೈಯುವವರನ್ನು ನೋಡಿದ್ದೇನೆ. ‘ಸೆಟ್’ಗೆ ಎಷ್ಟು ಅರ್ಥ ಇದೆ ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ. 1884ರಿಂದ 1928ರವರೆಗೆ ಕಂತು ಕಂತಾಗಿ ಹೊರಬಂದ ಆ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’. ಬರೀ ಕ್ರಿಯಾಪದಕ್ಕೇ ಸುಮಾರು 430 ಅರ್ಥ. ವಿವರಿಸಲು ಹಿಡಿದದ್ದು 60,000 ಪದ. ಒಂದು ಮಧ್ಯಮ ಗಾತ್ರದ ಕಾದಂಬರಿಯೇ ಆಯಿತು. ಆಮೇಲೆ ಮೂರನೇ ಆವೃತ್ತಿಯ ಪರಿಷ್ಕರಣೆ ಶುರುವಾದಾಗ ಈ ಪಟ್ಟ ಕೈಜಾರಿತು. 2000ದಲ್ಲಿ ‘ಮೇಕ್’ ಮುಂದೆ ಬಂತು, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’. ‘ರನ್’ ಕ್ರಿಯಾಪದಕ್ಕೆ ಸಿಕ್ಕ ಅರ್ಥಗಳು 645. ಅದೊಂದೇ ಪದದ ಮೇಲೆ ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಕೂತಿದ್ದರು. ನಮ್ಮ ಕಡೆಯ ‘ಹೊಡೆ’ ಕ್ರಿಯಾಪದಕ್ಕೆ ಯಾರಾದರೂ ಹೀಗೆ ಕೂರಬೇಕು ಅಂತ ನನಗೆ ಬಹಳ ಆಸೆ. ಗಂಟೆ ಹೊಡಿ, ಬಣ್ಣ ಹೊಡಿ, ನಿದ್ದೆ ಹೊಡಿ, ಹರಟೆ ಹೊಡಿ, ಬಿಸಿಲು ಹೊಡಿ, ಎಲ್ಲಿಗೆ ನಿಲ್ಲುತ್ತದೆ?

ಆದರೆ ಆಕ್ಸ್‌ಫರ್ಡಿನ ಆ ದೊಡ್ಡ ನಿಘಂಟು ಜಾಲದಲ್ಲಿ ಪೂರ್ತಿ ಬೇಕಾದರೆ ಚಂದಾ ಕಟ್ಟಬೇಕು. ಮನೆಯಲ್ಲಿ ಕೂತು ಕೈಪಿಡಿ ಬರೆಯುವವರಿಗೆ ಅದು ಕೈಗೆಟುಕುವ ಮಾತಲ್ಲ. ಅಲ್ಲಿರುವ ಸಾವಿರಾರು ಹಳೆಯ ವಾಕ್ಯಗಳ ಉದಾಹರಣೆಯನ್ನು ಎಟಿಮ್‌ಆನ್‌ಲೈನ್‌ನಲ್ಲಿ ಹುಡುಕಬೇಡಿ. ಇಲ್ಲಿ ಸಿಗುವುದು ಇಂಥ ಅರ್ಥ ಇಂಥ ಶತಮಾನದಲ್ಲಿ ಅನ್ನುವ ಒಂದು ಸಾಲು. ಆ ವರ್ಷಗಳನ್ನೂ ಹುಷಾರಾಗಿ ಓದಬೇಕು. ಅದು ಪದ ಹುಟ್ಟಿದ ದಿನ ಅಲ್ಲ. ಬರಹದಲ್ಲಿ ಮೊದಲು ಸಿಕ್ಕಿದ್ದು ಯಾವಾಗ ಅಂತ ಮಾತ್ರ. ಜನರ ಬಾಯಲ್ಲಿ ಅದಕ್ಕೂ ಎಷ್ಟೋ ಮೊದಲು ಇದ್ದಿರಬಹುದು. ಶತಮಾನಗಳನ್ನು ‘14ಸಿ’ ಅಂತ ಚುಟುಕಾಗಿ ಬರೆಯುತ್ತಾರೆ. ಅದರ ಅರ್ಥ 14ನೇ ಶತಮಾನ, ಅಂದರೆ 1300ರ ನಂತರದ ನೂರು ವರ್ಷ. ಹೊಸಬರು ಇದನ್ನು 1400ರ ನಂತರ ಅಂದುಕೊಳ್ಳುವುದು ಜಾಸ್ತಿ.

ಇನ್ನೊಂದು ಕೊರತೆ, ನಮ್ಮ ‘ಸೆಟ್’ಗಳು ಅಲ್ಲಿಲ್ಲ. ಇರಬೇಕು ಅಂತ ಕೇಳುವುದು ನ್ಯಾಯವೂ ಅಲ್ಲ, ಆದರೂ ಹೊಟ್ಟೆಗೆ ಸಮಾಧಾನ ಇಲ್ಲ. ಸೆಟ್ ದೋಸೆಯನ್ನೇ ತೆಗೆದುಕೊಳ್ಳಿ. ದಪ್ಪಗೆ, ಮೆತ್ತಗೆ, ಮೇಲೆಲ್ಲ ತೂತು ತೂತು ಇರುವ ದೋಸೆ. ಒಂದೊಂದಾಗಿ ಕೊಡದೆ ಎರಡೋ ಮೂರೋ ಒಟ್ಟಿಗೆ ತಟ್ಟೆಗೆ ಹಾಕಿ, ಸಾಗು ಚಟ್ನಿ ಜೊತೆ ಕೊಡುವುದರಿಂದ ಆ ಹೆಸರು. ಅಂದರೆ ಅದು ಗುಂಪಿನ ‘ಸೆಟ್’, ರೋಮಿನಿಂದ ಫ್ರಾನ್ಸ್, ಇಂಗ್ಲೆಂಡ್ ದಾಟಿ ಕಾವಲಿಗೆ ಬಂದದ್ದು. ಅದೇ ಹೋಟೆಲಿನಲ್ಲಿ ಎರಡು ಪ್ಲೇಟ್ ತಿಂದು ಹೊಟ್ಟೆ ಕೆಟ್ಟು, ‘ಆ ಎಣ್ಣೆ ನನಗೆ ಸೆಟ್ ಆಗಲ್ಲ’ ಅಂದರೆ? ಒಗ್ಗುವುದಿಲ್ಲ ಅನ್ನುವ ಈ ಬಳಕೆ ನಾವೇ ಮಾಡಿಕೊಂಡದ್ದು. ಹುಡುಗ ಹುಡುಗಿ ಸೆಟ್ ಆಗುತ್ತಾರೆ, ಹೊಸ ಕೆಲಸ ಸೆಟ್ ಆಗುತ್ತದೆ, ಜೀವನ ಸೆಟ್ ಆಯಿತು ಅನ್ನುತ್ತಾರೆ. ಇವುಗಳನ್ನೆಲ್ಲ ಇಂಗ್ಲಿಷಿನವರ ಮುಂದೆ ಹಾಗೇ ಹೇಳಿದರೆ ಮುಖ ಮುಖ ನೋಡುತ್ತಾರೆ.

ಹಳ್ಳಿಗೆ ಹೋದರೆ ‘ಸೆಟ್’ ಅಂದರೆ ಪಂಪ್‌ಸೆಟ್ಟೇ. ಪಂಪು ಮತ್ತು ಮೋಟಾರು ಸೇರಿ ಒಂದು ಸೆಟ್. ಪತ್ರಿಕೆಗಳ ಭಾಷೆಯಲ್ಲಿ ಐಪಿ ಸೆಟ್. 10 ಎಚ್‌ಪಿವರೆಗಿನ ಐಪಿ ಸೆಟ್‌ಗಳಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಇರುವುದರಿಂದ ಈ ಪದ ಬಜೆಟ್ಟಿನಲ್ಲೂ ಬರುತ್ತದೆ, ಗದ್ದೆಯ ಬದುವಿನ ಜಗಳದಲ್ಲೂ ಬರುತ್ತದೆ. ಇನ್ನು ಮನೆ ಕಟ್ಟುವವರ ಹತ್ತಿರ ಹೋದರೆ ಮತ್ತೆ ಆ ಇನ್ನೊಂದು ‘ಸೆಟ್’. ನಮ್ಮ ತಾರಸಿಗೆ ಮೋಲ್ಡ್ ಹಾಕಿದ ಸಂಜೆ ಏಣಿ ಹತ್ತಲು ಹೋದರೆ ಮೇಸ್ತ್ರಿ ಕೆಳಗಿನಿಂದಲೇ ಕೂಗಿದರು, ‘ಅಮ್ಮಾ, ಇನ್ನೂ ಸೆಟ್ ಆಗಿಲ್ಲ, ತುಳೀಬೇಡಿ!’ ಸಿಮೆಂಟಿನವರಿಗೆ ಇದು ಬಾಯಿಮಾತಲ್ಲ, ಅಳೆಯುವ ಸಂಗತಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕಿಂತ ಬೇಗ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಸೆಟ್ ಆಗಿ ಮುಗಿಯಬೇಕು ಅಂತ ಭಾರತೀಯ ಮಾನಕವೇ ಇದೆ. ಹಳೆಯ ಇಂಗ್ಲಿಷಿನ ‘ಕೂರಿಸು’ ಇವತ್ತು ಪ್ರಯೋಗಾಲಯದಲ್ಲಿ ಸೂಜಿ ಚುಚ್ಚಿ ಅಳೆಯುವ ಮಾಪನ.

ಬಳಸುವ ಅನುಭವದ ಬಗ್ಗೆ ನಾಲ್ಕು ಮಾತು. ಪುಟ ಬೇಗ ತೆರೆದುಕೊಳ್ಳುತ್ತದೆ, ಹಳೆಯ ಮೊಬೈಲಿನಲ್ಲೂ ತೊಂದರೆ ಇಲ್ಲ. ನಡುನಡುವೆ ಜಾಹೀರಾತು ಬರುತ್ತದೆ, ಉಚಿತ ಅಂದ ಮೇಲೆ ಅಷ್ಟು ಸಹಿಸಬೇಕು. ಉಚ್ಚಾರ ಕಲಿಯಲು ಇದು ಜಾಗ ಅಲ್ಲ, ಅದಕ್ಕೆ ಮೆರಿಯಂ ವೆಬ್‌ಸ್ಟರ್ ತಾಣಕ್ಕೆ ಹೋಗುತ್ತೇನೆ. ಬರವಣಿಗೆ ಮಾತ್ರ ನನಗೆ ಬಹಳ ಇಷ್ಟ. ಹಾರ್ಪರ್ ಹೇಳುವುದನ್ನು ಎರಡೇ ಸಾಲಿನಲ್ಲಿ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಮೂಲ ಗೊತ್ತಿಲ್ಲ ಅಂತ ನೇರವಾಗಿ ಬರೆಯುತ್ತಾರೆ. ಜನ ನಂಬಿರುವ ಕಟ್ಟುಕಥೆಗಳಿದ್ದರೆ ಅವು ಕಟ್ಟುಕಥೆ ಅಂತಲೂ ಹೇಳುತ್ತಾರೆ. ಈ ಪ್ರಾಮಾಣಿಕತೆ ಪದಗಳ ಹುಟ್ಟು ಹೇಳುವ ಯೂಟ್ಯೂಬ್ ಪಂಡಿತರಲ್ಲಿ ಕಾಣುವುದು ಕಷ್ಟ. ನೋಡಲು ಒಂದೇ ಥರ ಇರುವ ಪದಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟುವುದು ಅವರ ಕಸುಬು. ‘ಆ್ಯಸೆಟ್’ ಇದೆಯಲ್ಲ, ಆಸ್ತಿ ಅನ್ನುವ ಅರ್ಥದ್ದು, ಅದರ ಬಾಲದಲ್ಲಿ ‘ಸೆಟ್’ ಕಾಣುತ್ತದೆ. ಎರಡಕ್ಕೂ ಏನೇನೂ ಸಂಬಂಧ ಇಲ್ಲ. ಅದು ಲ್ಯಾಟಿನ್ನಿನ ‘ಆಡ್ ಸ್ಯಾಟಿಸ್’, ಸಾಕಾಗುವಷ್ಟು ಅಂತ. ಸಾಲ ತೀರಿಸಲು ಸಾಕಾಗುವಷ್ಟು ಇರುವುದೇ ಆಸ್ತಿ. ಬ್ಯಾಂಕಿನವರು ಇವತ್ತಿಗೂ ಅದೇ ಅರ್ಥದಲ್ಲಿ ನೋಡುತ್ತಾರೆ, ಅಲ್ವಾ?

ನನ್ನ ಕೆಲಸಕ್ಕೆ ಇದರಿಂದ ಉಪಯೋಗ ಆಯಿತೇ ಅಂದರೆ, ಆಯಿತು. ಆದರೆ ಜನ ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಪದದ ಹುಟ್ಟು ಗೊತ್ತಾದರೆ ಅನುವಾದ ತಾನಾಗಿ ಬರುವುದಿಲ್ಲ. ‘ಸೆಟ್’ ಮೂಲದಲ್ಲಿ ಕೂರಿಸು ಅಂತ ಓದಿಕೊಂಡು ‘ಟೈಮರ್ ಕೂರಿಸಿ’ ಅಂತ ಬರೆದರೆ ಗ್ರಾಹಕರು ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಾರೆ. ಲಾಭ ಬೇರೆ ಕಡೆ ಇದೆ. ಒಂದು ವಾಕ್ಯ ಬಂದಾಗ ಇದು ಯಾವ ‘ಸೆಟ್’, ಕೂರಿಸುವುದೋ ಗುಂಪೋ ಅಂತ ತಕ್ಷಣ ಕಣ್ಣಿಗೆ ಬೀಳುತ್ತದೆ. ಗುಂಪಿನದಾದರೆ ಕನ್ನಡದಲ್ಲಿ ಹಾಗೇ ‘ಸೆಟ್’ ಬಿಡುತ್ತೇನೆ, ‘ಸಮುಚ್ಚಯ’ ಅಂತೆಲ್ಲ ಬರೆದು ಯಾರನ್ನೂ ಹೆದರಿಸುವುದಿಲ್ಲ. ಅಂಗಡಿಯವರೂ ಸೆಟ್ಟೇ ಅನ್ನುತ್ತಾರೆ, ಮನೆಯವರೂ ಸೆಟ್ಟೇ ಅನ್ನುತ್ತಾರೆ. ಕೂರಿಸುವ ಕಡೆಯದಾದರೆ ಮಾತ್ರ ನಿಂತು ಯೋಚಿಸುತ್ತೇನೆ. ಇಡಿ, ಜೋಡಿಸಿ, ಹೊಂದಿಸಿ, ಗಟ್ಟಿಯಾಗಲು ಬಿಡಿ, ಇವುಗಳಲ್ಲಿ ಒಂದು ಒಗ್ಗುತ್ತದೆ. ‘ಸೆಟ್ಟಿಂಗ್ಸ್’ಗೆ ಪೈಪೋಟಿಯೇ ಬೇಡ. ಮೊಬೈಲಿನಲ್ಲಿ ಜನ ಅದನ್ನು ಸೆಟ್ಟಿಂಗ್ಸ್ ಅಂತಲೇ ಹುಡುಕುತ್ತಾರೆ.

ಹಾಗಾದರೆ ಯಾರಿಗೆ ಇದು? ಇಂಗ್ಲಿಷ್ ಮೇಷ್ಟ್ರು, ಮೇಡಂಗಳಿಗೆ ಖಂಡಿತ. ಸಿಟ್-ಸೆಟ್, ಫಾಲ್-ಫೆಲ್ ಪಾಠಕ್ಕೆ ಮೊದಲು ಐದು ನಿಮಿಷ ಇದನ್ನು ನೋಡಿಕೊಂಡು ಹೋದರೆ ತರಗತಿಯಲ್ಲಿ ಮಕ್ಕಳು ಎದ್ದು ಕೂರುತ್ತಾರೆ. ಅನುವಾದ ಮಾಡುವವರಿಗೆ, ಪದಬಂಧ ಕಟ್ಟುವವರಿಗೆ, ರಾತ್ರಿ ನಿದ್ದೆ ಬರದವರಿಗೂ ಚೆನ್ನ. ನಾಳೆ ಪರೀಕ್ಷೆ ಇಟ್ಟುಕೊಂಡು ಅರ್ಥ ಹುಡುಕುವ ಮಕ್ಕಳಿಗೆ ಬೇಡ. ಅವರಿಗೆ ಒಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು ಕೊಡಿಸಿ. ಅಂಗಡಿಯಲ್ಲಿ ‘ಸೆಟ್’ ತೆಗೆದು ನೋಡಿ. ಕ್ರಿಯಾಪದ ಮತ್ತು ನಾಮಪದ ಬೇರೆ ಬೇರೆ ಇದ್ದು, ಪ್ರತಿ ಅರ್ಥಕ್ಕೂ ಒಂದು ವಾಕ್ಯದ ಉದಾಹರಣೆ ಇದ್ದರೆ ತಗೊಳ್ಳಿ. ಎರಡು ಸಾಲಿನಲ್ಲಿ ಮುಗಿಸಿದ್ದರೆ ಹಾಗೇ ಕಪಾಟಿಗೆ ವಾಪಸ್ ಇಟ್ಟುಬಿಡಿ.